‘ನಿರುದ್ಯೋಗಿಗಳಿಗೆ ನೆರವು’: ಅಭ್ಯರ್ಥಿಯ ಈ ಮಾತನ್ನು ಪರೀಕ್ಷೆ ಮಾಡುವುದು ಹೇಗೆ?

ಚುನಾವಣೆ ಬಂತು ಅಂದರೆ ಮನೆಗೆ ಕರಪತ್ರ ಬರುತ್ತದೆ. ಕಾಂಕ್ರೀಟ್ ರಸ್ತೆ, ಚರಂಡಿ, ಸಮುದಾಯ ಭವನ, ಹೈಮಾಸ್ಟ್ ದೀಪ. ಅದರ ಕೆಳಗೆಲ್ಲೋ ಒಂದು ಸಾಲು: ‘ನಿರುದ್ಯೋಗಿಗಳಿಗೆ ನೆರವು’. ರಸ್ತೆಯನ್ನು ಹೋಗಿ ನೋಡಬಹುದು. ದೀಪ ಉರಿಯುತ್ತದೋ ಇಲ್ಲವೋ ಕತ್ತಲಾದ ಮೇಲೆ ಗೊತ್ತಾಗುತ್ತದೆ. ಈ ಕೊನೆಯ ಸಾಲನ್ನು ಮಾತ್ರ ಹೇಗೆ ನೋಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ನಮ್ಮ ಪಕ್ಷದವರು ಹೇಳಿದರೆ ನಿಜ, ಎದುರು ಪಕ್ಷದವರು ಹೇಳಿದರೆ ಸುಳ್ಳು ಅಂತ ಸುಮ್ನೆ ಆಗಿಬಿಡುತ್ತೇವೆ.

ಇದನ್ನು ಪರೀಕ್ಷೆ ಮಾಡಲು ದಾರಿ ಇದೆ. ಸ್ವಲ್ಪ ಸುತ್ತುದಾರಿ, ಅಷ್ಟೇ.

ಮೊದಲು ಒಂದು ವಿಷಯ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ‘ನಿರುದ್ಯೋಗಿ’ ಅಂದರೆ ಒಬ್ಬರಲ್ಲ. ಕಡೂರಿನಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿರುವ ಹುಡುಗ ಒಬ್ಬ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಫ್ಯಾಕ್ಟರಿ ಲೈನ್ ನಿಂತು ಕೆಲಸ ಕಳೆದುಕೊಂಡ ಹೆಂಗಸು ಒಬ್ಬರು. ಸಕಲೇಶಪುರ ಅಥವಾ ಮೂಡಿಗೆರೆ ಕಡೆ ಕಾಫಿ ಹಣ್ಣು ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಕೆಲಸ ಸಿಗದ ಕೂಲಿಯವರು ಇನ್ನೊಬ್ಬರು. ಮೂವರಿಗೂ ಕೆಲಸ ಇಲ್ಲ. ಆದರೆ ಮೂವರಿಗೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಖಜಾನೆ, ಬೇರೆ ಬೇರೆ ಆಫೀಸು. ಅಭ್ಯರ್ಥಿ ‘ನೆರವು ಕೊಡಿಸಿದೆ’ ಅಂದಾಗ ಮೊದಲು ಕೇಳಬೇಕಾದದ್ದು, ಈ ಮೂವರಲ್ಲಿ ಯಾರಿಗೆ?

ಪದವೀಧರ ಹುಡುಗನ ವಿಷಯ ಸುಲಭ. ರಾಜ್ಯ ಸರ್ಕಾರದ ಯುವನಿಧಿ ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಅದಕ್ಕೆ ಚಾಲನೆ ಕೊಟ್ಟರು. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದಿದ್ದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇಲ್ಲ. ಕೆಲಸ ಸಿಕ್ಕಿಲ್ಲ ಅಂತ ಆಗಾಗ ಆನ್‌ಲೈನಿನಲ್ಲಿ ತಾವೇ ಘೋಷಣೆ ಮಾಡಿಕೊಳ್ಳಬೇಕು. ಮರೆತರೆ ದುಡ್ಡು ನಿಲ್ಲುತ್ತದೆ.

ಇದು ಹೊಸದಾಗಿ ಪಾಸಾದವರ ಯೋಜನೆ. ಹತ್ತು ವರ್ಷ ಹೊಲಿಗೆ ಮೆಷಿನ್ ಮುಂದೆ ಕೂತು ಈಗ ಕೆಲಸ ಕಳೆದುಕೊಂಡವರಿಗೂ ಇದಕ್ಕೂ ಸಂಬಂಧ ಇಲ್ಲ. ತೋಟದ ಕೂಲಿಯವರಿಗೂ ಇಲ್ಲ. ಹಾಗಾಗಿ ಆಡಳಿತ ಪಕ್ಷದ ಅಭ್ಯರ್ಥಿ ಯುವನಿಧಿ ಹೆಸರು ಹೇಳಿ ‘ಕಾರ್ಮಿಕರ ಕೈ ಹಿಡಿದೆವು’ ಅಂದರೆ ಅದು ಅರ್ಧ ಮಾತು. ಎದುರಿನವರು ‘ನಿರುದ್ಯೋಗಿಗಳಿಗೆ ಏನೂ ಕೊಟ್ಟಿಲ್ಲ’ ಅಂದರೆ ಅದೂ ಅರ್ಧ ಮಾತೇ.

ಫ್ಯಾಕ್ಟರಿ ಕೆಲಸದವರ ಕಥೆ ಬೇರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಕಟ್ಟಬೇಕು. ಸಂಬಳದಿಂದ ನೂರಕ್ಕೆ 75 ಪೈಸೆ, ಮಾಲೀಕರಿಂದ ನೂರಕ್ಕೆ 3 ರೂಪಾಯಿ 25 ಪೈಸೆ. ಇಎಸ್‌ಐ ಅಂದರೆ ಆಸ್ಪತ್ರೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅದರೊಳಗೆ ಕೆಲಸ ಹೋದವರಿಗೂ ದುಡ್ಡಿದೆ. 2005ರಲ್ಲಿ ಯುಪಿಎ ಸರ್ಕಾರ ಇದ್ದಾಗ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಂತು. ಫ್ಯಾಕ್ಟರಿ ಮುಚ್ಚಿದರೆ ಅಥವಾ ಕೆಲಸದಿಂದ ತೆಗೆದರೆ ಭತ್ಯೆ. 2018ರ ಜುಲೈನಿಂದ ಎನ್‌ಡಿಎ ಸರ್ಕಾರದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. ಮೊದಲು ಸಂಬಳದ ಕಾಲು ಭಾಗ ಇತ್ತು, ಕೊರೊನಾ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. 90 ದಿನದವರೆಗೆ ಸಿಗುತ್ತದೆ. 14,000 ಸಂಬಳ ಇದ್ದವರಿಗೆ ಹೆಚ್ಚುಕಡಿಮೆ 21,000 ರೂಪಾಯಿ. ಜೀವಮಾನದಲ್ಲಿ ಒಂದೇ ಸಲ.

ಎರಡು ಪಕ್ಷದವರ ಹೆಸರಿನಲ್ಲೂ ಒಂದೊಂದು ಯೋಜನೆ ಇದೆ, ನೋಡಿ. ಯೋಜನೆ ತಂದವರು ಯಾರು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಹಾಸನದ ಆ ಹೆಂಗಸಿಗೆ ಅದು ಇದೆ ಅಂತ ಯಾರಾದರೂ ಹೇಳಿದರಾ? ಲೈನ್ ನಿಲ್ಲಿಸಿದ ದಿನ ಎಚ್‌ಆರ್‌ನವರು ಒಂದು ಹಾಳೆ ಮುಂದಿಟ್ಟು ‘ಇಲ್ಲಿ ಸೈನ್ ಹಾಕಿ, ಸೆಟಲ್‌ಮೆಂಟ್ ಮಾಡ್ತೀವಿ’ ಅನ್ನುವುದು ಎಲ್ಲಾ ಕಡೆ ನಡೆಯುವ ಸಂಗತಿ. ಆ ಹಾಳೆಯಲ್ಲಿ ರಾಜೀನಾಮೆ ಅಂತ ಬರೆದಿದ್ದರೆ ಕಥೆ ಮುಗಿಯಿತು. ಕೆಲಸದಿಂದ ತೆಗೆದರೆ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಕೊಡಬೇಕು ಅಂತ ಕಾನೂನಿದೆ. ತಾನಾಗಿ ಬಿಟ್ಟೆ ಅಂತ ಬರೆದುಕೊಟ್ಟವರಿಗೆ ಆ ಹಕ್ಕು ಕೇಳುವುದು ಕಷ್ಟ. ಆ ಹೊತ್ತಿನಲ್ಲಿ ಕಾರ್ಮಿಕ ಅಧಿಕಾರಿಯನ್ನು ಫ್ಯಾಕ್ಟರಿ ಗೇಟಿಗೆ ಕರೆಸಲು ಶಾಸಕರ ಒಂದು ಫೋನು ಸಾಕು. ನನ್ನ ಲೆಕ್ಕದಲ್ಲಿ ಆ ಫೋನು ಮಾಡಿದ್ದಾರಾ ಅನ್ನುವುದು ಹತ್ತು ಭಾಷಣಕ್ಕಿಂತ ದೊಡ್ಡ ದಾಖಲೆ.

ಇನ್ನು ತೋಟದವರು. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಯಾಕೆಂದರೆ ನಮ್ಮ ಎರಡೂ ಜಿಲ್ಲೆಗಳ ಮಲೆನಾಡಿನಲ್ಲಿ ನಿರುದ್ಯೋಗ ಅನ್ನುವುದು ಕ್ಯಾಲೆಂಡರ್ ನೋಡಿಕೊಂಡು ಬರುತ್ತದೆ. ನವೆಂಬರ್‌ನಿಂದ ಅರೇಬಿಕಾ ಹಣ್ಣು, ಜನವರಿಯಿಂದ ರೊಬಸ್ಟಾ. ಅದರ ಹಿಂದೆಯೇ ಮೆಣಸು. ಆಗ ಆಳು ಸಿಗುವುದೇ ಕಷ್ಟ. ಆಮೇಲೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಚಿಗುರು ತೆಗೆಯುವುದು, ಗೊಬ್ಬರ ಅಂತ ಒಂದಿಷ್ಟು ಕೆಲಸ ಇರುತ್ತದೆ. ಜೂನ್ ದಾಟಿ ಮಳೆ ಹಿಡಿದರೆ ಎಷ್ಟೋ ತೋಟಗಳಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು) ‘ನಾಳೆ ಬರಬೇಡಿ’ ಅನ್ನುತ್ತಾರೆ. ತೋಟದೊಳಗಿನ ಲೈನ್ ಮನೆಯಲ್ಲಿ ಕಾಯಂ ಇರುವವರಿಗೆ ಹೇಗೋ ನಡೆಯುತ್ತದೆ. ಊರಿನಿಂದ ಜೀಪಿನಲ್ಲಿ ಹೋಗಿ ಬರುವ ದಿನಗೂಲಿಯವರಿಗೆ ಆ ತಿಂಗಳುಗಳು ಖಾಲಿ.

ಇವರಿಗೆ ಇಎಸ್‌ಐ ಸಾಮಾನ್ಯವಾಗಿ ಇಲ್ಲ. ಕಾಫಿ ಸಂಸ್ಕರಿಸುವ ಕಡೆ ಕೆಲಸ ಮಾಡುವವರಿಗೆ ಇರಬಹುದಲ್ವಾ ಅಂತ ನೀವು ಕೇಳಬಹುದು. ಅಲ್ಲೊಂದು ತೊಡಕಿದೆ. 1948ರ ಇಎಸ್‌ಐ ಕಾಯ್ದೆ ‘ಸೀಸನಲ್ ಫ್ಯಾಕ್ಟರಿ’ಗಳನ್ನು ಹೊರಗಿಟ್ಟಿತ್ತು. ಯಾವ ಯಾವ ಕೆಲಸ ಸೀಸನಲ್ ಅಂತ ಕೊಟ್ಟ ಪಟ್ಟಿಯಲ್ಲಿ ಹತ್ತಿ, ಸಕ್ಕರೆ, ಟೀ ಜೊತೆಗೆ ಕಾಫಿಯ ಹೆಸರೂ ಇತ್ತು. ವರ್ಷಕ್ಕೆ ಇಂತಿಷ್ಟು ತಿಂಗಳು ಕೆಲಸ ಇರುವುದಿಲ್ಲ ಅಂತ ಮೊದಲೇ ಗೊತ್ತಿರುವವರನ್ನೇ ಕೆಲಸ ಹೋದಾಗ ಕಾಪಾಡುವ ವಿಮೆಯಿಂದ ಬಿಟ್ಟ ಹಾಗಾಯಿತು. ಇಎಸ್‌ಐ, ಪಿಎಫ್ ಕಾನೂನುಗಳನ್ನು ಒಂದಕ್ಕೆ ಸೇರಿಸಿದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ತೋಟದ ಮಾಲೀಕರು ಇಷ್ಟಪಟ್ಟರೆ ಇಎಸ್‌ಐಗೆ ಸೇರಬಹುದು ಅಂತಿದೆ. ಇಷ್ಟಪಟ್ಟರೆ. ಇದು ಕೇಂದ್ರದ ಕಾನೂನು. ಕಾಫಿ ನಾಡಿನ ಸಂಸದರು ಲೋಕಸಭೆಯಲ್ಲಿ ಎತ್ತಬಹುದಾದ ಪ್ರಶ್ನೆ ಅಂದರೆ ಇದೇ.

ಹಾಗಾದರೆ ತೋಟದ ಕೂಲಿಯವರಿಗೆ ಉಳಿದದ್ದು ಏನು? ಉದ್ಯೋಗ ಖಾತರಿ. 2005ರ ನರೇಗಾ ಕಾಯ್ದೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅಂಶ ಇದೆ. ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಕೊಡುವುದು ರಾಜ್ಯ ಸರ್ಕಾರ. ಕರ್ನಾಟಕದಲ್ಲಿ 2025–26ರ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಮೊದಲ 30 ದಿನಕ್ಕೆ 2,775 ರೂಪಾಯಿ ಆಯಿತು. ದೊಡ್ಡ ಮೊತ್ತ ಅಲ್ಲ. ಮಳೆಗಾಲದಲ್ಲಿ ಅಂಗಡಿ ಸಾಲ ತೀರಿಸುವಷ್ಟು.

ಈ ಭತ್ಯೆ ಪಡೆದವರನ್ನು ನೀವು ನೋಡಿದ್ದೀರಾ? ಸಿಗುವುದು ಅಪರೂಪ. ಕಾರಣ ಕಾಗದದಲ್ಲಿದೆ. ಕೆಲಸ ಬೇಕು ಅಂತ ನಮೂನೆ 6ರಲ್ಲಿ ಅರ್ಜಿ ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಪಡೆಯಬೇಕು. 15 ದಿನದ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ. ನಡೆಯುವುದು ಹೇಗೆ? ಹೆಂಗಸರು ಪಂಚಾಯಿತಿ ಕಿಟಕಿ ಹತ್ತಿರ ನಿಂತು ಬಾಯಲ್ಲಿ ಕೇಳುತ್ತಾರೆ. ‘ಅಕ್ಕ, ಕೆಲಸ ಬಂದಾಗ ಹೇಳ್ತೀವಿ, ಈಗ ಹೋಗಿ’ ಅನ್ನುತ್ತಾರೆ ಒಳಗಿನವರು. ಕೆಲಸ ಬಂದ ದಿನವೇ ಕಂಪ್ಯೂಟರಿನಲ್ಲಿ ಬೇಡಿಕೆಯನ್ನೂ ಏರಿಸುತ್ತಾರೆ. ಜಾಲತಾಣದಲ್ಲಿ ಕೇಳಿದವರ ಸಂಖ್ಯೆ, ಕೆಲಸ ಸಿಕ್ಕವರ ಸಂಖ್ಯೆ ಎರಡೂ ಹತ್ತಿರ ಹತ್ತಿರ ಕಾಣುತ್ತವೆ. ಭತ್ಯೆಯ ಕಾಲಂನಲ್ಲಿ ಸೊನ್ನೆ. ಆ ಸೊನ್ನೆ ತೋರಿಸಿ ‘ನಮ್ಮಲ್ಲಿ ಕೆಲಸ ಕೇಳಿದ ಎಲ್ಲರಿಗೂ ಕೊಟ್ಟಿದ್ದೇವೆ’ ಅಂತ ಯಾರಾದರೂ ವೇದಿಕೆಯಲ್ಲಿ ಹೇಳಿದರೆ ಚಪ್ಪಾಳೆ ತಟ್ಟುವ ಮುಂಚೆ ಸ್ವೀಕೃತಿ ಎಷ್ಟು ಕೊಟ್ಟಿದ್ದೀರಿ ಅಂತ ಕೇಳಿ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ತಂದಿತು. ವಿಬಿ ಜಿ ರಾಮ್ ಜಿ ಅಂತ ಪತ್ರಿಕೆಗಳು ಬರೆಯುತ್ತವೆ. 100 ದಿನದ ಬದಲು 125 ದಿನ ಅಂತಿದೆ. ಮೊದಲು ಕೂಲಿಯ ಪೂರ್ತಿ ಖರ್ಚು ಕೇಂದ್ರದ್ದು, ಈಗ ಕರ್ನಾಟಕದಂಥ ರಾಜ್ಯಗಳು ಒಟ್ಟು ಖರ್ಚಿನ ಶೇಕಡ 40 ಕೊಡಬೇಕು. ಪರವಾಗಿರುವವರು 125 ಅನ್ನುತ್ತಾರೆ, ವಿರೋಧಿಸುವವರು 40 ಅನ್ನುತ್ತಾರೆ. 15 ದಿನದ ನಿರುದ್ಯೋಗ ಭತ್ಯೆ ಹೊಸದರಲ್ಲೂ ಇದೆ. ಬಿತ್ತನೆ, ಕೊಯ್ಲಿನ ಕಾಲಕ್ಕೆ ವರ್ಷದಲ್ಲಿ ಒಟ್ಟು 60 ದಿನ ಖಾತರಿ ಕೆಲಸ ನಿಲ್ಲಿಸಬೇಕು ಅಂತಲೂ ಇದೆ. ಯಾವ 60 ದಿನ ಅನ್ನುವುದನ್ನು ರಾಜ್ಯ ತೀರ್ಮಾನಿಸುತ್ತದೆ. ನಮ್ಮ ಕಡೆಯವರು ಇದನ್ನು ಗಮನಿಸಬೇಕು. ಅರಸೀಕೆರೆ, ಕಡೂರಿನ ರಾಗಿ ಹೊಲಕ್ಕೆ ಜುಲೈ ಬಿಡುವಿಲ್ಲದ ಕಾಲ. ಅದೇ ಜುಲೈ ಸಕಲೇಶಪುರ, ಕೊಪ್ಪದ ಕೂಲಿಯವರಿಗೆ ಕೈ ಖಾಲಿಯ ಕಾಲ. ಬಯಲುಸೀಮೆಯ ಪಂಚಾಂಗವನ್ನು ಮಲೆನಾಡಿಗೂ ಹಾಕಿದರೆ ಕೆಲಸ ಬೇಕಾದಾಗಲೇ ಬಾಗಿಲು ಮುಚ್ಚಿದ ಹಾಗೆ. ಇದನ್ನು ಜಿಲ್ಲಾ ಮಟ್ಟದಲ್ಲಿ ಎತ್ತಿ ಸರಿಮಾಡಿಸುವುದು ಶಾಸಕರ ಕೈಯಲ್ಲಿರುವ ಕೆಲಸ.

ಶಾಸಕರ ಕೈಯಲ್ಲಿರುವ ಕೆಲಸ ಅಂದೆ. ಯಾವುದು ಯಾರ ಕೈಯಲ್ಲಿದೆ ಅನ್ನುವುದನ್ನೂ ನೋಡೋಣ. ಇಎಸ್‌ಐ, ಪಿಎಫ್, ಉದ್ಯೋಗ ಖಾತರಿಯ ಕಾಯ್ದೆ, ಇವೆಲ್ಲ ಸಂಸತ್ತಿನವು. ಯುವನಿಧಿ, ಕಟ್ಟಡ ಕಾರ್ಮಿಕರ ಮಂಡಳಿ, ಖಾತರಿ ಕೆಲಸದ ಜಾರಿ, ಇವು ರಾಜ್ಯದವು. ಶಾಸಕ ಅಭ್ಯರ್ಥಿಯನ್ನು ಇಎಸ್‌ಐ ನಿಯಮಕ್ಕೆ ಬೈದು ಪ್ರಯೋಜನವಿಲ್ಲ. ಸಂಸದರಿಗೆ ಯುವನಿಧಿ ಯಾಕೆ ಬಂದಿಲ್ಲ ಅಂತ ಕೇಳುವುದೂ ಅಷ್ಟೇ. ನಮ್ಮಲ್ಲಿ ಇನ್ನೊಂದು ಗೋಜಲಿದೆ. ಚಿಕ್ಕಮಗಳೂರು ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ, ಕಡೂರು ಮಾತ್ರ ಹಾಸನಕ್ಕೆ. ಕಡೂರಿನವರು ಜಿಲ್ಲಾ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗುತ್ತಾರೆ, ಸಂಸದರನ್ನು ಹುಡುಕಿಕೊಂಡು ಹಾಸನದ ಕಡೆ ನೋಡುತ್ತಾರೆ.

ಅಭ್ಯರ್ಥಿ ಹಿಂದೆ ಗೆದ್ದವರಾಗಿದ್ದರೆ ಸದನದಲ್ಲಿ ಯಾವ ಕಡೆ ಮತ ಹಾಕಿದರು ಅಂತ ನೋಡಿದರೆ ಆಯಿತಲ್ಲ ಅನ್ನಿಸಬಹುದು. ಬೇರೆ ಕೆಲವು ದೇಶಗಳಲ್ಲಿ ಹಾಗೆ ನೋಡುತ್ತಾರೆ. ಇಲ್ಲಿ ಅದರಿಂದ ಹೆಚ್ಚು ತಿಳಿಯುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದು. ಹಾಗಾಗಿ ಅವರ ಮತ ಪಕ್ಷದ ಮತ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಬಹಳಷ್ಟು ಮಸೂದೆ ಧ್ವನಿಮತದಲ್ಲಿ ಪಾಸಾಗುತ್ತವೆ. ‘ಹೌದು’ ಅನ್ನುವವರು ಹೌದು ಅನ್ನುತ್ತಾರೆ, ‘ಇಲ್ಲ’ ಅನ್ನುವವರು ಇಲ್ಲ ಅನ್ನುತ್ತಾರೆ, ಯಾರು ಏನಂದರು ಅಂತ ಎಲ್ಲೂ ಬರೆದಿಡುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಭದ್ರತೆಯದ್ದೂ ಸೇರಿ ಮೂರು ಕಾರ್ಮಿಕ ಸಂಹಿತೆಗಳು ಹಾಗೇ ಪಾಸಾದವು, ವಿರೋಧ ಪಕ್ಷದ ಬಹುತೇಕರು ಆಗ ಸದನದಲ್ಲೇ ಇರಲಿಲ್ಲ. ನರೇಗಾ ಬದಲಿಸಿದ ಕಾಯ್ದೆಯೂ ಧ್ವನಿಮತದಲ್ಲೇ. ದುಡಿಯುವವರಿಗೆ ಸಂಬಂಧಿಸಿದ ಇಷ್ಟು ದೊಡ್ಡ ಎರಡು ತೀರ್ಮಾನದಲ್ಲಿ ನಿಮ್ಮ ಸಂಸದರ ಹೆಸರಿನ ಮುಂದೆ ಟಿಕ್ ಮಾರ್ಕೇ ಇಲ್ಲ.

ಹಾಗಾದರೆ ದಾಖಲೆ ಎಲ್ಲಿ? ಮೂರು ಕಡೆ ಸಿಗುತ್ತದೆ, ಮೂರೂ ಬೇಸರ ಹಿಡಿಸುವ ಕಾಗದಗಳೇ.

ಒಂದು, ಪ್ರಶ್ನೆಗಳು. ಶಾಸಕರು ಚುಕ್ಕೆ ಗುರುತಿನ (ಸದನದಲ್ಲಿ ಬಾಯಲ್ಲಿ ಉತ್ತರ ಸಿಗುವ) ಮತ್ತು ಗುರುತಿಲ್ಲದ (ಬರಹದಲ್ಲಿ ಉತ್ತರ ಸಿಗುವ) ಪ್ರಶ್ನೆ ಕೇಳುತ್ತಾರೆ. ಉತ್ತರ ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ. ಸಂಸದರದ್ದು ಸಂಸತ್ತಿನ ಜಾಲತಾಣದಲ್ಲಿ. ಐದು ವರ್ಷದಲ್ಲಿ ಕಾರ್ಮಿಕ ಇಲಾಖೆಗೆ, ಗ್ರಾಮೀಣಾಭಿವೃದ್ಧಿ ಇಲಾಖೆಗೆ ಎಷ್ಟು ಪ್ರಶ್ನೆ ಕೇಳಿದ್ದಾರೆ ನೋಡಿ. ಒಂದು ಎಚ್ಚರಿಕೆ: ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅವರ ಸೊನ್ನೆಯನ್ನು ತಪ್ಪು ಅನ್ನಬಾರದು.

ಎರಡು, ಸಭೆಗಳು. ಸರ್ಕಾರದ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಜಿಲ್ಲಾ ಮಟ್ಟದ್ದಕ್ಕೆ ಉಸ್ತುವಾರಿ ಸಚಿವರು. ಕೇಂದ್ರದ ಯೋಜನೆಗಳನ್ನು ನೋಡಲು ‘ದಿಶಾ’ ಸಮಿತಿ 2016ರಿಂದ ಇದೆ, ಅದರ ಅಧ್ಯಕ್ಷರು ಸಂಸದರು. ಮೂರು ತಿಂಗಳಿಗೊಮ್ಮೆ ಸಭೆ ಆಗಬೇಕು. ಉದ್ಯೋಗ ಖಾತರಿ ಅಲ್ಲಿ ಪರಿಶೀಲನೆಗೆ ಬರಬೇಕಾದ ವಿಷಯ. ಸಭೆ ಎಷ್ಟು ಸಲ ಆಯಿತು? ‘ಸ್ವೀಕೃತಿ ಯಾಕೆ ಕೊಡುತ್ತಿಲ್ಲ’ ಅಂತ ಒಮ್ಮೆಯಾದರೂ ಕೇಳಿದರಾ? ನಡಾವಳಿಯಲ್ಲಿ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಟ್ಟ ಕಾಗದದಲ್ಲಿ, ಗೊತ್ತಾಗುತ್ತದೆ. ನನಗೆ ಕೇಳಿದರೆ ಅಭ್ಯರ್ಥಿಯ ನಿಜವಾದ ದಾಖಲೆ ಇರುವುದು ಇಲ್ಲೇ. ಇಲ್ಲಿ ವಿಪ್ ಇಲ್ಲ, ಪಕ್ಷದ ನೆಪ ಇಲ್ಲ. ಎದುರಿಗೆ ಅಧಿಕಾರಿ ಕೂತಿರುತ್ತಾರೆ, ಕೇಳುವುದು ಬಿಡುವುದು ಇವರ ಇಷ್ಟ.

ಮೂರನೆಯದು ದುಡ್ಡು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಶಾಸಕರದ್ದು 2 ಕೋಟಿ. ಇದರಿಂದ ಯಾರಿಗೂ ಭತ್ಯೆ ಕೊಡಲು ಬರುವುದಿಲ್ಲ. ಕಟ್ಟಡ, ರಸ್ತೆ, ಉಪಕರಣದಂಥ ಬಾಳಿಕೆ ಬರುವ ಆಸ್ತಿಗೆ ಮಾತ್ರ. ‘ನನ್ನ ನಿಧಿಯಿಂದ ನಿರುದ್ಯೋಗಿಗಳಿಗೆ ಹಣ’ ಅಂತ ಯಾರಾದರೂ ಅಂದರೆ ಅದು ಬಾಯಿತಪ್ಪು ಇರಬೇಕು. ಉದ್ಯೋಗ ಮೇಳದ ಫೋಟೊಗಳಿಗೂ ಇದೇ ಮಾತು. ಆಫರ್ ಲೆಟರ್ ಹಿಡಿದು ನಿಂತವರ ಲೆಕ್ಕ ಸಿಗುತ್ತದೆ, ಬೆಂಗಳೂರಿಗೆ ಹೋಗಿ ಪಿ.ಜಿ. ಬಾಡಿಗೆ ಕಟ್ಟಲಾಗದೆ ತಿಂಗಳೊಳಗೆ ವಾಪಸ್ ಬಂದವರ ಲೆಕ್ಕ ಸಿಗುವುದಿಲ್ಲ.

ಕೊರೊನಾ ಕಾಲವನ್ನು ಬೇರೆಯಾಗಿಯೇ ನೋಡಬೇಕು. ಆಗ ಕೆಲಸ ಕಳೆದುಕೊಂಡವರ ಕೈಗೆ ಸರ್ಕಾರ ನೇರವಾಗಿ ದುಡ್ಡು ಹಾಕಿತು. 2020ರ ಮೇ ತಿಂಗಳಲ್ಲಿ ಯಡಿಯೂರಪ್ಪ ಸರ್ಕಾರ 1,610 ಕೋಟಿಯ ಪ್ಯಾಕೇಜ್ ಘೋಷಿಸಿತು. ಆಟೊ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಅಗಸರಿಗೆ ತಲಾ 5,000. 2021ರಲ್ಲಿ 1,250 ಕೋಟಿಯ ಇನ್ನೊಂದು. ಆಟೊದವರಿಗೆ, ಕಟ್ಟಡ ಕಾರ್ಮಿಕರಿಗೆ 3,000, ಅಸಂಘಟಿತ ವಲಯದ ಕೆಲವರಿಗೆ 2,000. ಇದರಲ್ಲಿ ಗಮನಿಸಬೇಕಾದದ್ದು ಪಟ್ಟಿ. ಲೈಸೆನ್ಸ್ ಇದ್ದವರು, ಮಂಡಳಿಯಲ್ಲಿ ಹೆಸರಿದ್ದವರು ಮುಂದೆ ಬಂದರು. ಕಾರ್ಡು ಇಲ್ಲದವರು ಹಿಂದೆ ಉಳಿದರು. ಆಗ ಶಾಸಕರಾಗಿದ್ದವರು ಈಗ ನಿಮ್ಮ ಮುಂದೆ ಬಂದರೆ, ನಮ್ಮ ಹೋಬಳಿಯಲ್ಲಿ ಎಷ್ಟು ಜನಕ್ಕೆ ಕಾರ್ಡು ಮಾಡಿಸಿದ್ದೀರಿ ಅಂತ ಕೇಳಬಹುದು.

ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟನ್ನೂ ಒಮ್ಮೆ ತೆಗೆದು ನೋಡಿ. ನಮೂನೆ 26 ಅಂತ. ಆಸ್ತಿ, ಸಾಲ, ಕೇಸು, ಓದು ಇಷ್ಟು ಅದರಲ್ಲಿ ಇರುತ್ತದೆ, ಮಾಡಿದ ಕೆಲಸ ಇರುವುದಿಲ್ಲ. ಆದರೂ ಉಪಯೋಗ ಇದೆ. ಈ ಕಡೆ ಅಭ್ಯರ್ಥಿಗಳಲ್ಲಿ ತೋಟದ ಮಾಲೀಕರೂ ಇರುತ್ತಾರೆ. ಅಂದರೆ ಅವರು ತಾವೇ ನೂರಾರು ಜನಕ್ಕೆ ಕೆಲಸ ಕೊಡುವವರಾಗಿರಬಹುದು. 20 ಅಥವಾ ಅದಕ್ಕಿಂತ ಹೆಚ್ಚು ಆಳುಗಳಿರುವ ಕಾಫಿ ತೋಟಕ್ಕೆ ಪಿಎಫ್ ಕಡ್ಡಾಯ. ಪಿಎಫ್ ಇಲಾಖೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ತಿಂಗಳು ತಿಂಗಳು ಹಣ ಕಟ್ಟಿದ್ದಾರಾ ಅಂತ ಯಾರು ಬೇಕಾದರೂ ನೋಡಬಹುದು. ಎಂದೂ ಗೆಲ್ಲದ, ಹೊಸದಾಗಿ ನಿಂತ ಅಭ್ಯರ್ಥಿಗೂ ಈ ಪರೀಕ್ಷೆ ಅನ್ವಯಿಸುತ್ತದೆ. ತನ್ನ ಆಳುಗಳಿಗೆ ಪಿಎಫ್ ಕಟ್ಟಿದವರ ಮಾತಿಗೆ ನಾನು ಸ್ವಲ್ಪ ಜಾಸ್ತಿ ಬೆಲೆ ಕೊಡುತ್ತೇನೆ.

ದೊಡ್ಡ ಹೆಸರಿಗೆ ಮರುಳಾಗಬೇಡಿ ಅನ್ನಲು ಚಿಕ್ಕಮಗಳೂರಿಗಿಂತ ಒಳ್ಳೆಯ ಊರಿಲ್ಲ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಇಲ್ಲಿಂದ ಉಪಚುನಾವಣೆಯಲ್ಲಿ ಗೆದ್ದರು. ದೇಶವೇ ಈ ಕಡೆ ನೋಡಿತು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿತು. ಚಿಕ್ಕಮಗಳೂರಿನ ಸಂಸದೆಯಾಗಿ ಅವರ ದಾಖಲೆ ಹುಡುಕಿದರೆ ಸಿಗುವುದು ಕೆಲವೇ ವಾರದ್ದು.

ಹಾಗೆಯೇ ಎಲ್ಲಾ ಕೆಲಸ ಹೋಗುವುದಕ್ಕೂ ರಾಜಕಾರಣಿಯೇ ಕಾರಣ ಅಲ್ಲ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಿತು. ಸುಪ್ರೀಂ ಕೋರ್ಟ್ 2002ರಲ್ಲೇ ಕೊಟ್ಟ ಆದೇಶ ಅದು, ಕಾಡಿನ ಕಾರಣಕ್ಕೆ. ಮುಚ್ಚಿಸಿದ್ದು ನಾನೇ, ಉಳಿಸಲು ಹೋರಾಡಿದ್ದೂ ನಾನೇ ಅನ್ನುವ ಮಾತುಗಳು ಆಮೇಲೆ ಎಷ್ಟೋ ಬಂದವು. ಅಲ್ಲಿ ಕೇಳಬೇಕಾದದ್ದು ಬೇರೆ. ಮುಚ್ಚುವುದು ಮೂರು ವರ್ಷ ಮೊದಲೇ ಗೊತ್ತಿತ್ತು. ಗುತ್ತಿಗೆಯಲ್ಲಿದ್ದವರಿಗೆ, ಗಣಿ ನಂಬಿ ಅಂಗಡಿ ಇಟ್ಟವರಿಗೆ ಆ ಮೂರು ವರ್ಷದಲ್ಲಿ ಯಾರು ಏನು ಏರ್ಪಾಡು ಮಾಡಿದರು?

ಇನ್ನೊಂದು ಗುಂಪಿದೆ, ಯಾರ ಕರಪತ್ರದಲ್ಲೂ ಬರುವುದಿಲ್ಲ. ಈಗ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬಹಳ ಜನ ಬರುತ್ತಾರೆ. ಮೇಸ್ತ್ರಿ ಕರೆತರುತ್ತಾನೆ, ಲೈನ್ ಮನೆಯಲ್ಲಿ ಇರುತ್ತಾರೆ, ಸೀಸನ್ ಮುಗಿದರೆ ಹೋಗುತ್ತಾರೆ. ಮಧ್ಯದಲ್ಲಿ ಕೆಲಸ ನಿಂತರೆ ಇಲ್ಲಿ ಜಾಬ್ ಕಾರ್ಡ್ ಇಲ್ಲ, ಅದು ಅವರ ಊರಿನ ಪಂಚಾಯಿತಿಯದ್ದು. ಓಟೂ ಅಲ್ಲಿಯದೇ. ಓಟಿಲ್ಲದವರ ನಿರುದ್ಯೋಗವನ್ನು ಇಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಭ್ಯರ್ಥಿಯೊಬ್ಬರು ಇವರ ಬಗ್ಗೆ ಸಭೆಯಲ್ಲಿ ಮಾತಾಡಿದ್ದು ನಡಾವಳಿಯಲ್ಲಿ ಸಿಕ್ಕರೆ ಅದು ಮತಕ್ಕಾಗಿ ಆಡಿದ ಮಾತಲ್ಲ ಅಂತಲಾದರೂ ಗೊತ್ತಾಗುತ್ತದೆ.

ಈ ನಡಾವಳಿ ಸಿಗುವುದು ಹೇಗೆ ಅಂದರೆ, ಮಾಹಿತಿ ಹಕ್ಕು ಅರ್ಜಿ. ತಾಲ್ಲೂಕು ಕೆಡಿಪಿ ಸಭೆಯದ್ದನ್ನು ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ, ದಿಶಾ ಸಭೆಯದ್ದನ್ನು ಜಿಲ್ಲಾ ಪಂಚಾಯಿತಿಯಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ. ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಡೆದ ಸಭೆಗಳ ದಿನಾಂಕ ಮತ್ತು ನಡಾವಳಿಯ ಪ್ರತಿ’ ಅಂತ ಒಂದೇ ಸಾಲು ಬರೆದರೆ ಸಾಕು, ಯಾಕೆ ಬೇಕು ಅಂತ ಕಾರಣ ಬರೆಯಬೇಕಿಲ್ಲ. ಉತ್ತರಕ್ಕೆ 30 ದಿನ ಸಮಯ ಇದೆ. ಚುನಾವಣೆ ಘೋಷಣೆಯಾದ ಮೇಲೆ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಮತದಾನ ಮುಗಿದಿರಬಹುದು. ಹಾಕುವುದಾದರೆ ಒಂದೆರಡು ತಿಂಗಳು ಮುಂಚೆಯೇ ಹಾಕಿ.